ದಶರಥ ಸರ್ ಪಾಳಿ

ನಿಂತುಕೊಂಡೇ ಮುಗಿಸಬೇಕಾದ ಸಭೆಗೆ ಕುರ್ಚಿ ತಂದಿಟ್ಟವಳು ಕ್ಷಮಾನೇ. ಹಾಗಾಗಿ ಯಾರನ್ನು ಬೈಯಬೇಕೆಂದು ಹುಡುಕುವ ಕಷ್ಟ ಅವಳಿಗಿರಲಿಲ್ಲ.

ಜಮಖಂಡಿಯ ಬಟ್ಟೆ ಅಂಗಡಿಯೊಂದರ ಮಾಳಿಗೆಯ ಮೇಲೆ ನಾಲ್ಕು ಜನರ ಸಾಫ್ಟ್‌ವೇರ್ ಆಫೀಸು. ಕೆಲಸವೆಲ್ಲ ಸ್ಕ್ರಮ್ ಪದ್ಧತಿಯಲ್ಲಿ. ಎರಡು ವಾರಕ್ಕೊಂದು ಸ್ಪ್ರಿಂಟ್ ಎಂಬ ಕೆಲಸದ ಕಂತು, ಅದರ ಕೊನೆಗೆ ಮಾಡಿದ್ದನ್ನು ತೋರಿಸುವ ರಿವ್ಯೂ, ದಿನಾ ಬೆಳಿಗ್ಗೆ ನಿಂತೇ ಮುಗಿಸುವ ಸ್ಟ್ಯಾಂಡಪ್ ಸಭೆ. ಸ್ಟ್ಯಾಂಡಪ್‌ನಲ್ಲಿ ಒಬ್ಬೊಬ್ಬರೂ ಪಾಳಿಯ ಪ್ರಕಾರ ನಿನ್ನೆ ಏನು ಮಾಡಿದೆ, ಇವತ್ತೇನು ಮಾಡುತ್ತೇನೆ, ಎಲ್ಲಿ ಸಿಕ್ಕಿಬಿದ್ದಿದ್ದೇನೆ ಎಂದು ಉಳಿದವರಿಗೆ ಹೇಳಬೇಕು. ಕ್ಷಮಾ ಸ್ಕ್ರಮ್ ಮಾಸ್ಟರ್. ಹೆಸರಿಗೆ ಮಾಸ್ಟರ್ ಅಷ್ಟೇ, ಸಾಹೇಬಿಕೆ ಏನೂ ಇಲ್ಲ. ಸಿಕ್ಕಿಬಿದ್ದವರು ಯಾರೆಂದು ಕಂಡುಹಿಡಿದು ದಾರಿ ಮಾಡಿಕೊಡುವುದೇ ಅವಳ ಕೆಲಸ.

ಆ ನಾಲ್ವರಲ್ಲಿ ಒಬ್ಬರು ದಶರಥ ಸರ್. ಪಾಲಿಟೆಕ್ನಿಕ್‌ನಲ್ಲಿ ಕ್ಷಮಾಗೂ ಸಂಜುಗೂ ಪೂನಮ್‌ಗೂ ಕಂಪ್ಯೂಟರ್ ಕಲಿಸಿದವರು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಬೇಸರವೆಂದು ಇಲ್ಲಿ ಪ್ರೋಗ್ರಾಮ್ ಬರೆಯಲು ಸೇರಿಕೊಂಡಿದ್ದರು. ಮೊಣಕಾಲು ನೋವಿನಲ್ಲಿ ಗುರುಗಳು ನಿಂತಿರುವುದನ್ನು ನೋಡಲಾರದೆ ಕ್ಷಮಾ ಮೊದಲ ದಿನವೇ ಕುರ್ಚಿ ಹಾಕಿದಳು. ಸರ್ ಕೂತರು, ಮೂವರೂ ಎದುರಿಗೆ ಕೈ ಕಟ್ಟಿ ನಿಂತರು. ಅಲ್ಲಿಗೆ ಸ್ಟ್ಯಾಂಡಪ್ ಹೋಗಿ ಕ್ಲಾಸ್ ಶುರುವಾಯಿತು. ಹುಡುಗರು ಪಾಠ ಒಪ್ಪಿಸುವುದು, ಸರ್ ‘ಶಾಬಾಸ್’ ಎನ್ನುವುದು, ಎಲ್ಲರೂ ಚಹಾಕ್ಕೆ ಹೋಗುವುದು. ಮಾಸ್ತರರಿಗೆ ಪ್ರಶ್ನೆ ಕೇಳುವ ವಿದ್ಯಾರ್ಥಿ ಎಲ್ಲಿದ್ದಾನೆ? ಸರ್ ಎಲ್ಲಿ ಸಿಕ್ಕಿಬಿದ್ದಿದ್ದಾರೆಂದು ಯಾರೂ ಕೇಳಲಿಲ್ಲ.

ಕೆಲಸವೋ, ಹಗುರಾದದ್ದಲ್ಲ. ಗಲಗಲಿಯಲ್ಲಿ ಹೊಳೆ ದಂಡೆಗೆ ಮೋಟಾರು ಇಟ್ಟ ರೈತರ ಸಂಘಕ್ಕಾಗಿ ಮಾಡುತ್ತಿದ್ದದ್ದು. ಮೇಲಿನ ಡ್ಯಾಮಿನಿಂದ ನೀರು ಬಿಟ್ಟರೆ ಕೃಷ್ಣೆ ಹೇಳದೆ ಕೇಳದೆ ಏರುತ್ತಾಳೆ. ಮೋಟಾರು ಕೊಚ್ಚಿಹೋಗದಂತೆ ಎತ್ತಿಡಲು ರೈತರು ರಾತ್ರಿ ದಂಡೆಯಲ್ಲೇ ಮಲಗಬೇಕು. ನೀರಿನ ಮಟ್ಟದ ಅಂಕಿಯನ್ನು ವೆಬ್‌ಸೈಟಿನಿಂದ ಪ್ರೋಗ್ರಾಮು ತಾನೇ ಓದಿಕೊಂಡು, ಅಪಾಯದ ಗುರುತು ದಾಟಿದ ಕೂಡಲೇ ಎಲ್ಲರ ಮೊಬೈಲಿಗೆ ಮೆಸೇಜ್ ಕಳಿಸಬೇಕು. ಸಂಘದ ಗಿರಮಲ್ಲಪ್ಪನೇ ಪ್ರಾಡಕ್ಟ್ ಓನರ್. ಏನು ಬೇಕು, ಯಾವುದು ಮೊದಲು ಎಂದು ಹೇಳುವವನು, ಕೊನೆಗೆ ಒಪ್ಪುವವನೂ ಅವನೇ. ಅಂಕಿ ಓದುವ ಭಾಗ ಸರ್ ಪಾಲಿಗೆ ಬಂದಿತ್ತು.

ರಿವ್ಯೂದ ಹಿಂದಿನ ದಿನ ಸರ್ ಸಂಬಂಧಿಕರ ಮನೆಯಲ್ಲಿ ಬಸುರಿಗೆ ಮಾಡುವ ಕುಬಸದ ಕಾರ್ಯಕ್ಕೆಂದು ಬನಹಟ್ಟಿಗೆ ಹೋಗಿದ್ದರು. ಅವತ್ತು ಸಂಜೆಯಾದರೂ ಮಟ್ಟದ ಅಂಕಿ ಇದ್ದಲ್ಲೇ ಇತ್ತು. ಕ್ಷಮಾ ಅನುಮಾನದಿಂದ ಸರ್ ಬರೆದ ಪ್ರೋಗ್ರಾಮು ತೆರೆದು ನೋಡಿದಳು. ಅದು ಏನನ್ನೂ ಓದುತ್ತಿರಲಿಲ್ಲ. ಇಷ್ಟು ದಿನ ಸರ್ ತಾವೇ ನೋಡಿ ನೋಡಿ ಅಂಕಿಗಳನ್ನು ಕೈಯಿಂದ ತುಂಬುತ್ತಿದ್ದರು. ಮಳೆಗಾಲ ಬಾಗಿಲಿಗೆ ಬಂದಿತ್ತು.

ಮರುದಿನ ಸ್ಟ್ಯಾಂಡಪ್‌ನಲ್ಲಿ ಅವಳು ಮೊದಲ ಸಲ ಗುರುಗಳಿಗೆ ಪ್ರಶ್ನೆ ಹಾಕಿದಳು. “ಸರ್, ನಿಮ್ಮದ ಹೆಂಗ ನಡದೈತ್ರಿ? ಎಲ್ಲೆರ ಸಿಕ್ಕೊಂಡೀರೇನ್ರಿ?”

ಸಂಜು ನೆಲ ನೋಡಿದ. ಗುರುಗಳಿಗೆ ಹೀಗೆ ಕೇಳುವುದೇ?

“ನಂದೇನವಾ, ಎಲ್ಲಾ ಬರೋಬರಿ ಐತಿ,” ಎಂದರು ಸರ್.

ಮಧ್ಯಾಹ್ನ ಗಿರಮಲ್ಲಪ್ಪ ಬಂದ. ಸರ್ ಮೇಜಿನ ಮುಂದೆ ಕೂತು ಏನೋ ಒತ್ತಿದರು. ಅವನ ಜೇಬಿನಲ್ಲಿ ಮೊಬೈಲು ಗುಂಯ್ ಎಂದಿತು. ಅವನು ಮೆಸೇಜನ್ನು ಗಟ್ಟಿಯಾಗಿ ಓದಿ ಹಿಗ್ಗಿಹೋದ.

“ಛಲೋ ಆತ ನೋಡ ತಂಗಿ! ಇನ್ನ ಹೊಳಿ ದಂಡ್ಯಾಗ ಮಲಗೂದು ತಪ್ಪಿತು. ಊರಿಗಿ ಹೋಗಿ ಎಲ್ಲಾರಿಗೂ ನಿಶ್ಚಿಂತಿ ಮನ್ಯಾಗ ಮಲಗ್ರಿ ಅಂತ ಹೇಳತೇನಿ.”

ಕ್ಷಮಾ ಸರ್ ಮುಖ ನೋಡಿದಳು. ಈಗಲಾದರೂ ಅವರೇ ಹೇಳಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಅವರು ಕೀಬೋರ್ಡಿನಿಂದ ಕಣ್ಣೆತ್ತಲಿಲ್ಲ. ತಾನು ಸುಮ್ಮನಿದ್ದರೆ ಗುರುಗಳ ಮಾನ ಉಳಿಯುತ್ತಿತ್ತು.

“ಹೇಳಬ್ಯಾಡ್ರಿ ಅಣ್ಣಾರ,” ಎಂದಳು. “ಇದು ಇನ್ನೂ ಮುಗದಿಲ್ರಿ. ಅಂಕಿ ತಾನ ಬರಾಕತ್ತಿಲ್ಲ, ಸರ್ ಕೈಲೆ ಹಾಕಾಕತ್ತಾರ. ಸರ್ ಮಲಗಿದಾಗ ನೀರ ಬಂದ್ರ ನಿಮಗ ಮೆಸೇಜ್ ಬರಂಗಿಲ್ರಿ.”

ಗಿರಮಲ್ಲಪ್ಪನ ಮುಖ ಸಪ್ಪಗಾಯಿತು. “ಮೋಟಾರ ಹೋದ್ರ ಹೋಗಲಿ. ಇದನ್ನ ನಂಬಿ ಕುಂತು, ಕಡೀ ಗಳಿಗ್ಯಾಗ ಮೋಟಾರ ತಗ್ಯಾಕ ನೀರಿಗಿ ಇಳದಾವನ್ನ ಎಲ್ಲಿಂದ ತರಲಿ?” ಎಂದ. “ದಂಡ್ಯಾಗ ಮಲಗೂದ ಛಲೋ ಬಿಡ್ರಿ,” ಎಂದು ಚಪ್ಪಲಿ ಮೆಟ್ಟಿ ಇಳಿದುಹೋದ.

ಅವನು ಹೋದ ಮೇಲೆ ಸರ್ ಮಾತಾಡಿದರು. “ಆ ಸೈಟು ದಿನಾ ಒಂದೊಂದ ನಮೂನಿ ಬರತೈತಿ. ನನ್ನ ಪ್ರೋಗ್ರಾಮಿಗಿ ಅದು ಹತ್ತಲೇ ಇಲ್ಲ. ಯಾರರ ಕೇಳತಾರೇನೋ ಅಂತ ದಿನಾ ದಾರಿ ನೋಡಿದೆ. ನೀವು ನಿಮ್ಮದ ಒಪ್ಪಿಸಿ ಹೋಗಾಕತ್ತಿದ್ರಿ. ನನ್ನ ಪಾಳಿ ಯಾವತ್ತ ಬಂತವಾ?”

“ಮುಂಜಾನಿ ಕೇಳಿದ್ನೆಲ್ರಿ ಸರ್.”

“ಕೇಳಿದಿ. ಗೊತ್ತಾದ ಮ್ಯಾಲ ಕೇಳಿದಿ.”

ಅಷ್ಟರಲ್ಲಿ ಸರ್ ಪ್ರೋಗ್ರಾಮನ್ನು ಪರದೆಗೆ ಮುಖ ಹಚ್ಚಿ ನೋಡುತ್ತಿದ್ದ ಸಂಜು ತಿರುಗಿದ. ಪಾಪ, ಸಮಾಧಾನ ಮಾಡಬೇಕೆಂದೇ ಅವನು ಹೇಳಿದ್ದು. “ಇದಕ್ಕ ಯಾಕ ಇಷ್ಟ ಮನಸ್ಸಿಗಿ ಹಚಗೊಂಡೀರಿ ಸರ್? ಇದು ಅರ್ಧ ತಾಸಿನ ಕೆಲಸ ಐತ್ರಿ. ನನಗ ಒಂದ ಮಾತ ಹೇಳಿದ್ರ ಮಾಡಿಕೊಡ್ತಿದ್ದೆ.”

ದಶರಥ ಸರ್ ಮುಖ ಆಗ ಬಾಡಿದಷ್ಟು ಸುಳ್ಳು ಬಯಲಾದಾಗಲೂ ಬಾಡಿರಲಿಲ್ಲ. ಅವರು ಮೊಣಕಾಲಿನ ಮೇಲೆ ಕೈಯೂರಿ ಎದ್ದು, ಬ್ಯಾಗು ಹೆಗಲಿಗೆ ಹಾಕಿಕೊಂಡರು. ಕ್ಷಮಾಗೆ ಅಳು ಬಂತು. ಬಾಗಿಲಿಗೆ ಅಡ್ಡ ನಿಂತು, “ಸರ್, ನಾಳಿ ಎಲ್ಲಾರಕಿಂತ ಮೊದಲ ನೀವ ಹೇಳ್ರಿ. ನಾವು ಕೇಳತೇವಿ,” ಎಂದಳು.

“ನೋಡೂಣ್ರಿ ಮೇಡಂ,” ಎಂದರು ಸರ್. ಎಂದಿನ ‘ಅವ್ವಾ’ ಇರಲಿಲ್ಲ.

ಕ್ಷಮಾ ಬಾಗಿಲು ಬಿಟ್ಟು ಸರಿದಳು.