ಎರಡು ಸುಳಿಯ ತಲೆಗೆ ಪೊಮೇಡು

ಗಂಡನ ಹೆಸರು ಬಾಯಲ್ಲಿ ಹೇಳಬಾರದಂತೆ, ಅವನ ಆಯಸ್ಸು ಕಡಿಮೆಯಾಗುತ್ತದಂತೆ. ಈಗ ಹೇಳುತ್ತೇನೆ, ಯಾರು ಬೇಡ ಅನ್ನುತ್ತಾರೋ ನೋಡೋಣ. ನಂಜುಂಡ. ಹೆತ್ತೂರಿನ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್, ಆಳುಗಳ ಲೆಕ್ಕ ಬರೆಯುವವನು. ನನ್ನನ್ನು ನೋಡಲು ನಮ್ಮೂರು ಕೆ. ಹೊಸಕೋಟೆಗೆ ಬಂದ ದಿನ ಅವನ ತಲೆ ಮಿರಮಿರ ಮಿಂಚುತ್ತಿತ್ತು. ಕಣ್ಣು ಮಂಜಾಗಿದ್ದ ನಮ್ಮಜ್ಜಿ ತಾಯಮ್ಮನಿಗೂ ಆ ಮಿಂಚು ಕಂಡಿತು. "ಹುಡುಗ ಲಕ್ಷಣವಾಗವ್ನೆ ಕಣೇ ಇಂದ್ರಾ, ಒಂದ್ ಕೂದ್ಲೂ ಅಲ್ಲಾಡಲ್ಲ" ಎಂದು ನನ್ನಮ್ಮನ ಕಿವಿಯಲ್ಲಿ ಹೇಳಿದಳು.

ಯಾಕೆ ಅಲ್ಲಾಡುತ್ತಿರಲಿಲ್ಲ ಎನ್ನುವುದು ಮದುವೆಯಾದ ಮೊದಲ ಭಾನುವಾರ ಗೊತ್ತಾಯಿತು. ಎಸ್ಟೇಟಿನ ಮನೆಯ ಬಚ್ಚಲಲ್ಲಿ ಅವನ ತಲೆಗೆ ಎಣ್ಣೆ ತಿಕ್ಕಿ ನೀರು ಹಾಕುತ್ತಿದ್ದೆ. ನೆತ್ತಿಯ ಮೇಲೆ ಒಂದು ಸುಳಿ, ಅದರ ಪಕ್ಕದಲ್ಲೇ ಇನ್ನೊಂದು. ಚೊಂಬು ಕೈಯಲ್ಲೇ ನಿಂತಿತು. ನಮ್ಮ ಕಡೆ ಕೂಸು ಹುಟ್ಟಿದರೆ ಗಂಡೋ ಹೆಣ್ಣೋ ಎಂದು ನೋಡಿದ ಮೇಲೆ ನೋಡುವುದೇ ಸುಳಿಯನ್ನು. ಎರಡು ಸುಳಿ ಇದ್ದವನಿಗೆ ಎರಡು ಮದುವೆ, ಮೊದಲನೆಯವಳು ಉಳಿಯುವುದಿಲ್ಲ. ದನ ಕಾಯುವವರಿಗೂ ಗೊತ್ತಿರುವ ಮಾತು ಇದು.

"ಹೇಳಿದ್ರೆ ಯಾರು ಹೆಣ್ಣು ಕೊಡ್ತಿದ್ರು ಆಶಾ? ಹೋದ್ ಮನೇಲೆಲ್ಲ ನೆತ್ತಿ ನೋಡಿ, ಕಾಫಿನೂ ಕೊಡ್ದೆ ಕಳಿಸ್ಬುಟ್ರು" ಎಂದು ಅವನು ಮೊಣಕಾಲಿಗೆ ಮುಖ ಒತ್ತಿಕೊಂಡು ಹೇಳಿದ.

ಸಿಟ್ಟು ಬರಬೇಕಿತ್ತು. ನಗು ಬಂತು. ಅವನು ನನಗೆ ಹಿಡಿಸಿದ್ದ, ಅಷ್ಟೇ. ಸುಳಿಯಂತೆ ಸುಳಿ, ಮಣ್ಣು!

ಅವತ್ತಿನಿಂದ ಅವನ ತಲೆ ನನ್ನ ಕೆಲಸವಾಯಿತು. ಮದುವೆಗೆ ಮುಂಚೆ ಅವನು ಎಲ್ಲವನ್ನೂ ಹಚ್ಚಿ ನೋಡಿದ್ದನಂತೆ. ಕೊಬ್ಬರಿ ಎಣ್ಣೆ ಹಚ್ಚಿದರೆ ಬಿಸಿಲೇರುವಷ್ಟರಲ್ಲಿ ಸುಳಿ ಕೋಳಿ ಜುಟ್ಟಿನ ಹಾಗೆ ಏಳುತ್ತಿತ್ತಂತೆ. ಹರಳೆಣ್ಣೆಗೆ ಕೂದಲು ಕೂರುತ್ತಿತ್ತು, ಪಕ್ಕದಲ್ಲಿ ಮನುಷ್ಯರು ಕೂರುತ್ತಿರಲಿಲ್ಲ. ಜೆಲ್ ಒಣಗಿದರೆ ಹೊಟ್ಟಿನಂತೆ ಉದುರುವುದು, ಹೆತ್ತೂರಿನ ಮಳೆ ಬಿದ್ದರೆ ಕರಗಿ ಕಣ್ಣಿಗಿಳಿಯುವುದು. ಕೊನೆಗೆ ಸಕಲೇಶಪುರದ ಸೆಲೂನಿನವನು ಕೊಟ್ಟ ಪೊಮೇಡೇ ಗತಿಯಾಯಿತು. ಚಪ್ಪಟೆ ಡಬ್ಬಿ, ಒಳಗೆ ಮೇಣದಂಥ ಗಟ್ಟಿ ಮುಲಾಮು. ಅದನ್ನೂ ದಡ್ಡ, ರೊಟ್ಟಿಗೆ ಬೆಣ್ಣೆ ಮೆತ್ತಿದ ಹಾಗೆ ಮೆತ್ತಿಕೊಳ್ಳುತ್ತಿದ್ದ. ನಾನು ಹದ ಕಂಡುಕೊಂಡೆ. ಕಡಲೆಕಾಳಿನಷ್ಟು ಉಗುರಲ್ಲಿ ತೆಗೆದು, ಅಂಗೈಯಲ್ಲಿ ಉಜ್ಜಿ ಬಿಸಿ ಮಾಡಿ, ಕೂದಲು ಅರೆ ಒದ್ದೆ ಇದ್ದಾಗಲೇ ಬುಡಕ್ಕೆ ಹಚ್ಚಬೇಕು. ಸುಳಿ ತಿರುಗಿದ ಕಡೆಗೆ ಎದುರಾಗಿ ಬಾಚಬೇಕು. ಆಮೇಲೆ ಅಂಗೈಯಿಂದ ಸ್ವಲ್ಪ ಹೊತ್ತು ಒತ್ತಿ ಹಿಡಿಯಬೇಕು. ಒತ್ತಿ ಹಿಡಿದಾಗ ಅವನು ಕಣ್ಣು ಮುಚ್ಚುತ್ತಿದ್ದ. ನನ್ನ ಸಂಸಾರದ ಸುಖ ಅಂದರೆ ಅಷ್ಟು ಹೊತ್ತು.

ಮಳೆಗೆ ಜಗ್ಗದ ಆ ಪೊಮೇಡು ಬಿಡುತ್ತಿದ್ದುದು ಎಣ್ಣೆಗೆ ಮಾತ್ರ. ಭಾನುವಾರ ಬಿಸಿ ಎಣ್ಣೆ ತಿಕ್ಕಿ, ಸೀಗೆಪುಡಿ ಹಾಕಿ ತೆಗೆಯುತ್ತಿದ್ದೆ. ಹಾಗಾಗಿ ದೀಪಾವಳಿ ಹತ್ತಿರ ಬಂದಂತೆ ನನಗೆ ಹೆದರಿಕೆ ಶುರುವಾಯಿತು. ಮದುವೆಯಾದ ವರ್ಷ ಅಳಿಯನನ್ನು ಕರೆಸಿ, ಹಿರಿಯರು ಅವನ ನೆತ್ತಿಗೆ ಎಣ್ಣೆ ಒತ್ತಲೇಬೇಕು.

"ನೆಗಡಿ ಐತೆ ಅಜ್ಜಿ, ತಲೆಗೆ ಬ್ಯಾಡ" ಎಂದು ಅವನು, ಹಬ್ಬದ ಬೆಳಿಗ್ಗೆ ನಮ್ಮಜ್ಜಿ ಎಣ್ಣೆ ಬಟ್ಟಲು ಹಿಡಿದು ಬಂದಾಗ, ಕೊಸರಾಡಿದ.

"ನಾನೇ ಹಚ್ತೀನಿ ಬಿಡಜ್ಜಿ" ಎಂದು ನಾನು ಬಟ್ಟಲಿಗೆ ಕೈ ಹಾಕಿದೆ.

"ನಿನ್ ಗಂಡಂಗೆ ನೀನು ದಿನಾ ಹಚ್ಕೊ, ಯಾರ್ ಬ್ಯಾಡಂದ್ರು? ಹಬ್ಬದ್ ದಿನ ಹಿರೇರ ಕೈ ಬೀಳ್ಬೇಕು ಕಣೇ" ಎಂದು ಅಜ್ಜಿ ಬಟ್ಟಲು ಕಿತ್ತುಕೊಂಡಳು.

ಕಣ್ಣು ಕಾಣದವಳಿಗೆ ಏನು ಗೊತ್ತಾದೀತು ಎಂದುಕೊಂಡೆವು, ಅವನು ಮಣೆಯ ಮೇಲೆ ಕೂತ. ಅವಳ ಬೆರಳನ್ನು ಮರೆತಿದ್ದೆವು. ಊರಿನ ಅರ್ಧ ಕೂಸುಗಳ ತಲೆಗೆ ಎಣ್ಣೆ ಒತ್ತಿದ ಬೆರಳು ಅವು. ಬಿಸಿ ಎಣ್ಣೆಗೆ ಪೊಮೇಡು ಕರಗಿ ಅವನ ಹಣೆಗೆ ಇಳಿಯಿತು. ಅಜ್ಜಿಯ ಬೆರಳು ಒಂದು ಸುತ್ತು ತಿರುಗಿತು, ನಿಂತಿತು, ಪಕ್ಕದಲ್ಲಿ ಇನ್ನೊಂದು ಸುತ್ತು ತಿರುಗಿತು.

"ಇಂದ್ರಾ, ಬಾರೇ ಇಲ್ಲಿ. ಎರಡವೆ."

"ಅಯ್ಯೋ, ನನ್ ಮಗಳನ್ನ ತಿನ್ಕೊಳ್ಳಕ್ಕೆ ಬಂದ್ಯೇನಪ್ಪಾ!" ಎಂದು ಅಮ್ಮ ಎದೆ ಬಡಿದುಕೊಂಡಳು. ಹಬ್ಬದ ಹೋಳಿಗೆಯನ್ನು ಯಾರೂ ಮುಟ್ಟಲಿಲ್ಲ.

ಅಪ್ಪ ಪರಮಶಿವಯ್ಯ ಒಬ್ಬನೇ ತಣ್ಣಗೆ ಮಾತಾಡಿದ. "ಬಾಳೆ ಗಿಡಕ್ಕೊಂದು ತಾಳಿ ಕಟ್ಟಿ ಕಡ್ದಾಕ್ಲಿ. ಎರಡ್ನೇ ಮದುವೆ ಅಲ್ಲಿಗೇ ಮುಗೀತು. ನಮ್ ಹುಡುಗಿ ಉಳ್ಕತಾಳೆ." ಒಂದು ಬೆಳಗಿನ ಕೆಲಸ. ನಮ್ಮ ಸುತ್ತಮುತ್ತ ಇದನ್ನು ಮಾಡಿಸಿಕೊಂಡವರಿದ್ದಾರೆ, ಹಾಯಾಗಿ ಸಂಸಾರ ಮಾಡುತ್ತಿದ್ದಾರೆ.

ನಂಜುಂಡ ಎಣ್ಣೆ ತಲೆಯಲ್ಲೇ ಎದ್ದು ನಿಂತ. "ಇಡೀ ಎಸ್ಟೇಟು ನಗ್ತದೆ ಮಾವ. ಆಮೇಲೆ ಲೈನ್‌ಮನೆ ಆಳುಗಳು ನನ್ ಮಾತು ಕೇಳ್ತಾರಾ? ನಾನ್ ಕಟ್ಟಲ್ಲ."

"ಕಟ್ರೀ. ನನಗೋಸ್ಕರ ಕಟ್ಬುಡಿ" ಎಂದೆ.

ಅವನು ಗೋಡೆಯ ಕನ್ನಡಿಯಲ್ಲಿ ನೋಡಿಕೊಂಡು ನೆತ್ತಿಯನ್ನು ಅಂಗೈಯಿಂದ ಒತ್ತಿಕೊಂಡ. "ನೀನ್ ಬರೋದಾದ್ರೆ ಈಗ್ಲೇ ಬಾ" ಎಂದ. ನಾನು ಹೊರಟೆ. ಅಜ್ಜಿ ಹೊಸ್ತಿಲಿಗೆ ಅಡ್ಡ ಮಲಗಿ, "ನನ್ ಹೆಣ ದಾಟ್ಕಂಡ್ ಹೋಗು" ಎಂದಳು. ಅಜ್ಜಿಯನ್ನು ದಾಟುವುದು ಹೇಗೆ? ನಾನು ಅಳುತ್ತ ನಿಂತೆ. ಅವನು ಹಿತ್ತಲ ಬಾಗಿಲಿಂದ ಹೋಗಿ ಬಸ್ಸು ಹತ್ತಿದ. ಹಿಂದಿರುಗಿಯೂ ನೋಡಲಿಲ್ಲ.

ಎಸ್‌ಟಿಡಿ ಬೂತಿನಿಂದ ಎಸ್ಟೇಟಿನ ಆಫೀಸಿಗೆ ಫೋನ್ ಮಾಡಿದಾಗಲೆಲ್ಲ "ರೈಟರು ತೋಟದಾಗವ್ರೆ" ಎನ್ನುತ್ತಿದ್ದರು. ಕಾಫಿ ಕೊಯ್ಲು ಮುಗಿಯಿತು, ಹೂ ಬಂತು, ಮಳೆ ಹಿಡಿಯಿತು. ಎರಡೂ ಕಡೆಯ ದೊಡ್ಡವರು ಕೂತು ಮದುವೆಯ ಬಿಡುಗಡೆ ಪತ್ರ ಮಾಡಿಸಿದರು. ಆಮೇಲೆ ಸುದ್ದಿ ಬಂತು, ಅವನು ಹೊಂಗಡಹಳ್ಳದ ಹೆಣ್ಣು ತಂದನಂತೆ. ಸುಳಿ ನೋಡಿಯೇ ಕೊಟ್ಟರಂತೆ. ಮೊದಲನೆಯದು ಆಗಿಹೋಗಿದೆ, ಎರಡನೆಯವಳಿಗೆ ಇನ್ನೇನು ಭಯ?

"ನಾನ್ ಹೇಳ್ಲಿಲ್ವಾ? ಸುಳಿ ಸುಳ್ಳಾಡಲ್ಲ" ಎಂದಳು ಅಜ್ಜಿ, ಏನೋ ಗೆದ್ದವಳ ಹಾಗೆ. ನನಗೆ ಮೈಯೆಲ್ಲ ಉರಿಯಿತು. ನನ್ನನ್ನು ಕಳೆದದ್ದು ಸುಳಿಯಲ್ಲ. ನೀವೆಲ್ಲ ಸೇರಿ ಕಳೆದಿರಿ, ಅವನೂ ಸೇರಿ. ಹೇಳಿದರೆ ಕೇಳುವವರು ಯಾರು?

ಹೋದ ವರ್ಷ ಸಕಲೇಶಪುರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ. ಅವನ ಹೆಂಡತಿ ಅತ್ತ ಹೂವಿಗೆ ಚೌಕಾಸಿ ಮಾಡುತ್ತಿದ್ದಳು. ಅವನ ತಲೆಗೆ ಏನೂ ಹಚ್ಚಿರಲಿಲ್ಲ. ಗಾಳಿಗೆ ಎರಡು ಸುಳಿಯೂ ಎದ್ದು ನಿಂತಿದ್ದವು.

"ಪೊಮೇಡು ಬುಟ್ಬುಟ್ರಾ?" ಎಂದೆ.

"ಇನ್ಯಾಕೆ ಬೇಕು ಬಿಡು" ಎಂದ. ಅಷ್ಟಕ್ಕೆ ಸುಮ್ಮನಿರಲಿಲ್ಲ. "ನೀನೂ ಒಂದ್ ಮದುವೆ ಮಾಡ್ಕೊ ಆಶಾ. ಎಷ್ಟ್ ದಿನ ಅಂತ ಹಿಂಗೇ ಇರ್ತೀಯ?"

ತಲೆಯ ಮೇಲಿನ ಸೆರಗು ಸರಿಸಿ, ಅಷ್ಟು ಜನರ ನಡುವೆ ಅವನ ಮುಂದೆ ತಲೆ ಬಗ್ಗಿಸಿ ನಿಂತೆ.

"ನೋಡ್ರೀ. ಎಷ್ಟವೆ?"

ಅವನು ನೋಡಲಿಲ್ಲ, ಹೆಂಡತಿ ಇದ್ದ ಕಡೆಗೆ ಕತ್ತು ತಿರುಗಿಸಿದ.

"ಒಂದೇ ಕಣ್ರೀ" ಎಂದೆ. "ಗಂಡು ನೋಡಿ ಅಂತ ಯಾರಾದ್ರೂ ಬಾಯ್ಬುಟ್ರೆ ನಮ್ಮಜ್ಜಿ ನನ್ ನೆತ್ತಿ ತೋರಿಸಿ, ಒಂದ್ ಸುಳಿಗೆ ಒಂದೇ ಮದುವೆ ಅಂತಾಳೆ. ಇದಕ್ಕೆ ಹಚ್ಚೋಕೆ ಏನಾದ್ರೂ ಐತಾ, ನಿಮ್ ಸೆಲೂನಿನವನ್ನ ಒಂದ್ ಮಾತು ಕೇಳಿ."