ಕೆಲೆನಿಯ ಕೈಗೆ ಕೊಟ್ಟ ದುಡ್ಡು

ಹೊಟ್ಟೆ ಕಟ್ಟಿ ಸಾಲ ತೀರಿಸುವವರ ಮನೆಯಲ್ಲೇ ಸಕ್ಕರೆ ಮಿಗುವುದು. ಮಿಕ್ಕ ಸಕ್ಕರೆಗೆ ಇಡೀ ಕೇರಿಯ ಬಟ್ಟಲುಗಳು ಬಾಯಿ ತೆರೆದು ಕಾದಿರುತ್ತವೆ. ಉಲಾಮಿಲಾಳ ತಲೆನೋವು ಇದೇ.

"ಅತ್ತಿಗೇ, ಕೆರೆಕೆರೆ," ಎನ್ನುತ್ತ ನಾದಿನಿ ಕೆಲೆನಿ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದಳು. ಕೈಯಲ್ಲಿ ಖಾಲಿ ಬಟ್ಟಲು.

"ಮೊನ್ನೆ ತಾನೇ ಒಯ್ದೆಯಲ್ಲೇ! ಸಕ್ಕರೆ ತಿಂತೀಯೋ, ಇಲ್ಲಾ ಅದರಲ್ಲಿ ಸ್ನಾನ ಮಾಡ್ತೀಯೋ?"

"ನೀನೂ ಒಂದ್ಸಲ ಮಾಡಿ ನೋಡು. ಮುಖದ ಹುಳಿಯಾದ್ರೂ ಇಳಿಯುತ್ತೆ."

"ಸಾಲ ಇರೋದು ನಮಗೆ ಕಣೇ, ನಿನಗಲ್ಲ."

"ಅದೇ ನಂಗೂ ಅರ್ಥ ಆಗಲ್ಲ ನೋಡು. ಸಾಲ ಇರೋ ಮನೇಲಿ ಸಕ್ಕರೆ ಇದೆ. ಸಾಲ ಇಲ್ಲದ ನನ್ನ ಮನೇಲಿ ಇರುವೆಗೂ ಗತಿಯಿಲ್ಲ."

ಉಲಾಮಿಲಾ ಹಲ್ಲು ಕಚ್ಚಿ ಸಕ್ಕರೆ ಸುರಿದಳು. ಸುರಿಯಲೇಬೇಕು. 'ಕೆರೆಕೆರೆ' ಎಂದು ಬಾಯಿಬಿಟ್ಟು ಕೇಳಿದ ಬಂಧುವಿಗೆ ಇಲ್ಲ ಎಂದವಳನ್ನು ಸುವಾ ಎಂಬ ದ್ವೀಪನಗರದ ಆ ಕೇರಿಯಲ್ಲಿ ಮನುಷ್ಯಳೆಂದು ಯಾರೂ ಲೆಕ್ಕಕ್ಕಿಡುವುದಿಲ್ಲ. ಇರುವವರು ಕೊಡಬೇಕು, ಇಲ್ಲದವರು ಕೇಳಬೇಕು. ಹಿಂದಿರುಗಿಸುವ ಮಾತು ಯಾರೂ ಎತ್ತಬಾರದು. ಹಿರಿಯರು ಮಾಡಿಟ್ಟ ಒಳ್ಳೆಯ ಪದ್ಧತಿಯೇ. ಹಿರಿಯರ ಕಾಲದಲ್ಲಿ ಬಡ್ಡಿ ಅಂಗಡಿ ಇರಲಿಲ್ಲ, ಅಷ್ಟೇ.

ಬಡ್ಡಿ ಅಂಗಡಿ ಇದ್ದದ್ದು ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ. ಮಾವ ತೀರಿಕೊಂಡಾಗ ಗಂಡ ಅಪಿಸಾಯಿಯ ದೊಡ್ಡಪ್ಪ ನೆಮಾನಿ ಎದ್ದು ನಿಂತು, ನನ್ನ ತಮ್ಮನ ಸಾವು ನಾಯಿ ಸಾವಾಗಬಾರದು, ಎತ್ತು ಕಡಿಯಬೇಕು ಎಂದಿದ್ದರು. ಎತ್ತು ಕಡಿದರು. ನಾಲ್ಕು ರಾತ್ರಿ ಊರೆಲ್ಲ ಉಂಡಿತು, ನೂರನೆಯ ರಾತ್ರಿ ಮತ್ತೊಮ್ಮೆ ಉಂಡಿತು. ಖಾಯಂ ಸಂಬಳದ ಚೀಟಿ ಇದ್ದದ್ದು ಉಲಾಮಿಲಾಳೊಬ್ಬಳಿಗೇ ಆದ್ದರಿಂದ ಸಾಲಕ್ಕೆ ಸಹಿ ಹಾಕಿದವಳು ಅವಳು. ಅಂಗಡಿಯವರು ಅವಳ ಬ್ಯಾಂಕ್ ಕಾರ್ಡು, ಅದರ ಗುಟ್ಟಿನ ಅಂಕಿ ಎರಡನ್ನೂ ತೆಗೆದು ತಮ್ಮ ಡ್ರಾಯರಿನಲ್ಲಿಟ್ಟುಕೊಂಡರು. ಸಂಬಳ ಬಿದ್ದ ದಿನ ಅವರೇ ಹೋಗಿ ಹಣ ತೆಗೆಯುತ್ತಾರೆ, ಬಡ್ಡಿ ಮುರಿದುಕೊಂಡು ಉಳಿದದ್ದನ್ನು ಇವಳ ಕೈಗೆ ಎಣಿಸುತ್ತಾರೆ. ಅಸಲು ಬೇಲಿಯ ಕಲ್ಲಿನ ಹಾಗೆ ಇದ್ದಲ್ಲೇ ಇತ್ತು. ಅದನ್ನು ಕೀಳಬೇಕಾದರೆ ಆರುನೂರು ಡಾಲರನ್ನು ಒಂದೇ ಏಟಿಗೆ ತಂದು ಮೇಜಿನ ಮೇಲಿಡಬೇಕು. ಅದೂ ಈ ಸೋಮವಾರ ಸಂಜೆಯ ಒಳಗೆ. ತಪ್ಪಿದರೆ ಹೊಸ ಕಾಗದ, ಹೊಸ ಫೀಸು, ಮತ್ತೊಂದು ವರ್ಷ.

ಅವಳು ಹೊಲಿಯುತ್ತಿದ್ದ ಕಾರ್ಖಾನೆಗೆ ಹೋದ ತಿಂಗಳು ಬ್ಯಾಂಕಿನ ಹುಡುಗಿಯೊಬ್ಬಳು ಉಳಿತಾಯದ ಪಾಠ ಹೇಳಲು ಬಂದಿದ್ದಳು. ದಿನಕ್ಕೊಂದು ಕಾಫಿ ಬಿಟ್ಟರೆ ವರ್ಷಕ್ಕೆ ಎಷ್ಟು ಉಳಿಯುತ್ತದೆ ಗೊತ್ತೇ ಎಂದು ಗೋಡೆಯ ಮೇಲೆ ಚಿತ್ರ ತೋರಿಸಿದಳು. "ಯಾವ ಕಾಫಿ?" ಎಂದು ಉಲಾಮಿಲಾ ಕೇಳಿದಳು. ಹೊಲಿಗೆ ಯಂತ್ರಗಳ ಸಾಲು ಸಾಲೇ ನಕ್ಕಿತು. ಅವರು ಹೊಲಿಯುವ ಒಂದು ಪ್ಯಾಂಟು ಸಿಡ್ನಿಯ ಅಂಗಡಿಯಲ್ಲಿ ಮಾರಾಟವಾಗುವ ಬೆಲೆ ಅವರ ಎರಡು ದಿನದ ಕೂಲಿಗಿಂತ ಹೆಚ್ಚು. ಆ ಲೆಕ್ಕವನ್ನು ಮಾತ್ರ ಯಾರೂ ಗೋಡೆಯ ಮೇಲೆ ತೋರಿಸಲಿಲ್ಲ.

ಬಿಡಲು ಕಾಫಿ ಇಲ್ಲದವಳು ಬೇರೆ ಎಲ್ಲವನ್ನೂ ಬಿಟ್ಟಳು. ಚಹಾಪುಡಿ ಬಿಟ್ಟು ಬೇಲಿಯ ಮಜ್ಜಿಗೆ ಹುಲ್ಲನ್ನು ಕುದಿಸಿದಳು. ಬಸ್ಸು ಬಿಟ್ಟು ಕಾರ್ಖಾನೆಗೆ ನಡೆದಳು. ಡಬ್ಬಿ ಮೀನು ಬಿಟ್ಟು, ಚರಂಡಿ ಪಕ್ಕದ ತುಂಡು ನೆಲದಲ್ಲಿ ಮರಗೆಣಸು ನೆಟ್ಟು, ಕೆಸುವಿನ ಸೊಪ್ಪನ್ನು, ಒಮ್ಮೆ ಹಿಂಡಿದ ತೆಂಗಿನಕಾಯಿಯನ್ನೇ ಮತ್ತೆ ಹಿಂಡಿದ ಹಾಲಿನಲ್ಲಿ ಬೇಯಿಸಿದಳು. ಕಾವಲುಗಾರನ ಕೆಲಸದಿಂದ ಬಂದ ಗಂಡನಿಗೆ, ಬೇರಿನ ಪುಡಿ ಹಿಂಡಿ ಕುಡಿಯುವ ಮತ್ತಿನ ಯಾಂಗೋನಾ ಶನಿವಾರ ಮಾತ್ರ.

"ಒಂದೇ ಪುಡೀನ ಮೂರು ಸಲ ಹಿಂಡಿದ್ರೆ ಅದು ಯಾಂಗೋನಾ ಅಲ್ಲ ಮಾರಾಯ್ತಿ, ಬಟ್ಟೆ ಒಗೆದ ನೀರು," ಎಂದು ಅವನು ಗೋಳಿಡುತ್ತಿದ್ದ.

"ಕುಡಿದು ಮಲಗಿ. ಹೊಟ್ಟೆಯೊಳಗಾದ್ರೂ ಶುದ್ಧವಾಗ್ತೀರಿ."

ಬೆಳಗಿನ ಜಾವ ಎದ್ದು ಆಲೂಗಡ್ಡೆ ಪಲ್ಯದ ರೊಟ್ಟಿ ಪಾರ್ಸಲ್ ಕಟ್ಟಿ, ಕಾರ್ಖಾನೆಯ ಗೇಟಿನಲ್ಲಿ ಮಾರಿ, ಎರಡು ವರ್ಷದಲ್ಲಿ ಆರುನೂರು ಕೂಡಿಸಿದಳು. ಕೂಡಿಸುವುದಕ್ಕಿಂತ ಕಷ್ಟ ಇಟ್ಟುಕೊಳ್ಳುವುದು. ಅಪಿಸಾಯಿ ಕೆಟ್ಟವನಲ್ಲ, ಇಲ್ಲ ಎನ್ನಲು ಬಾಯಿ ಬಾರದವನು, ಅದು ಅದಕ್ಕಿಂತ ಕೆಟ್ಟದ್ದು. ಇದಕ್ಕೆ ಮುಂಚೆ ಮೊದಲ ಸಲ ಕೂಡಿಟ್ಟದ್ದು ಅವನ ಸೋದರಮಾವನ ದೋಣಿಯ ಎಂಜಿನ್ನಿಗೆ ಹೋಗಿತ್ತು. ಎರಡನೆಯ ಸಲದ್ದು ಅವನ ರಗ್ಬಿ ತಂಡದ ಬೂಟುಗಳಿಗೆ. ಚರ್ಚಿನ ವಾರ್ಷಿಕ ಕಾಣಿಕೆ ಹತ್ತಿರ ಬರುತ್ತಿತ್ತು, ದೊಡ್ಡಪ್ಪ ನೆಮಾನಿಯೇ ಅದರ ಖಜಾಂಚಿ. ಅವರು ಬಂದು ಚಾಪೆಯ ಮೇಲೆ ಕೂತು ಕೆಮ್ಮಿದರೆ ಸಾಕು, ಅಪಿಸಾಯಿ ಹಾಸಿಗೆ ಬಿಚ್ಚಿ ಹತ್ತಿಯನ್ನೂ ತೆಗೆದುಕೊಡುತ್ತಿದ್ದ.

ಆಗ ಉಲಾಮಿಲಾಳಿಗೆ ಹೊಳೆದದ್ದು ಕೆಲೆನಿ.

ಅವರಲ್ಲಿ ಅಣ್ಣ ತಂಗಿ ಪರಸ್ಪರ ಮಾತಾಡುವಂತಿಲ್ಲ. ಅಷ್ಟು ಮರ್ಯಾದೆಯ ಸಂಬಂಧ ಅದು. ಅಪಿಸಾಯಿ ಮನೆಗೆ ಬಂದರೆ ಕೆಲೆನಿ ಬಾಯಿ ಹೊಲಿದುಕೊಂಡು ಹಿತ್ತಿಲಿಂದ ಜಾರುತ್ತಾಳೆ. ಅವಳಲ್ಲಿಟ್ಟ ದುಡ್ಡನ್ನು ಅವನು ಕೇಳುವಂತಿಲ್ಲ. ಇನ್ನು ಮಿಕ್ಕವರು? ಗಂಡ ಬಿಟ್ಟು ಹೋದ, ಕೈಗೆ ಬಂದದ್ದು ಬೆರಳ ಸಂದಿಯಲ್ಲಿ ಸೋರುವ ಕೆಲೆನಿಯ ಹತ್ತಿರ ಕೆರೆಕೆರೆ ಎನ್ನುವಷ್ಟು ಹುಚ್ಚರು ಆ ಕೇರಿಯಲ್ಲಿ ಯಾರೂ ಇರಲಿಲ್ಲ. ಇಡೀ ಸುವಾದಲ್ಲಿ ಅದಕ್ಕಿಂತ ಭದ್ರವಾದ ತಿಜೋರಿ ಇಲ್ಲ ಎಂದುಕೊಂಡಳು ಉಲಾಮಿಲಾ. ಬಡ್ಡಿ ಅಂಗಡಿ ಇನ್ನು ತೆರೆಯುವುದು ಸೋಮವಾರವೇ ಆದ್ದರಿಂದ, ಶನಿವಾರ ಸಂಜೆ ದುಡ್ಡನ್ನು ಬಟ್ಟೆಯಲ್ಲಿ ಸುತ್ತಿ ಅವಳ ಕೈಗಿಟ್ಟಳು.

"ಮನೇಲಿ ಇಡಬೇಡ. ಕಳ್ಳರಿದ್ದಾರೆ. ಮೈಮೇಲೇ ಇರಲಿ. ಸೋಮವಾರ ನಾನೇ ಬಂದು ಇಸ್ಕೊಳ್ತೀನಿ."

"ನನ್ನ ನಂಬ್ತೀಯಾ ಅತ್ತಿಗೆ?" ಕೆಲೆನಿಯ ದನಿ ಯಾಕೋ ಸಣ್ಣಗಾಗಿತ್ತು.

"ನಿನ್ನನ್ನಲ್ಲ, ನಿನ್ನ ಹೆಸರನ್ನ. ನಿನ್ನ ಹತ್ರ ದುಡ್ಡಿದೆ ಅಂದ್ರೆ ಆ ದೇವರೂ ನಂಬಲ್ಲ."

ಭಾನುವಾರ ಚರ್ಚು ಕಿಕ್ಕಿರಿದಿತ್ತು. ಕಾಣಿಕೆಯ ದಿನ ಬಡವರ ಬಡತನವನ್ನು ಹೆಸರು ಹಿಡಿದು ಕೂಗಿ ಹೇಳುವ ದಿನ. ಮುಂದೆ ಚಾಪೆ, ಚಾಪೆಯ ಮೇಲೆ ತಗ್ಗು ಮೇಜು, ಮೇಜಿನ ಹಿಂದೆ ಬಿಳಿ ಅಂಗಿಯ ನೆಮಾನಿ. ಒಬ್ಬೊಬ್ಬರೇ ಹೋಗಿ ಇಡುತ್ತಾರೆ. ಅವರು ಹೆಸರನ್ನೂ ಮೊತ್ತವನ್ನೂ ಓದುತ್ತಾರೆ. ದೊಡ್ಡ ಮೊತ್ತಕ್ಕೆ ಜನ ಚಪ್ಪಾಳೆ ತಟ್ಟಿ ಹಾಡುತ್ತಾರೆ. ಸಣ್ಣ ಮೊತ್ತಕ್ಕೆ ಹಾಡಿಲ್ಲ. ವರ್ಷ ವರ್ಷವೂ ಎಲ್ಲರಿಗಿಂತ ಕೊನೆಗೆ 'ಕೆಲೆನಿ, ಎರಡು ಡಾಲರ್' ಎಂದು ಓದಿದಾಗ ಹಿಂದಿನ ಸಾಲಿನಲ್ಲಿ ಮುಸಿ ಮುಸಿ ನಗು ಕೇಳುತ್ತಿತ್ತು.

ಅಪಿಸಾಯಿ ಹೋಗಿ ಹತ್ತು ಡಾಲರ್ ಇಟ್ಟು ತಲೆ ತಗ್ಗಿಸಿ ಬಂದ. ಉಲಾಮಿಲಾ ಸಮಾಧಾನದ ಉಸಿರು ಬಿಟ್ಟಳು. ನಾಳೆ ಒಂದು ದಿನ.

"ಕೆಲೆನಿ," ಎಂದರು ನೆಮಾನಿ. ನಿಂತರು. ಕನ್ನಡಕ ಸರಿಮಾಡಿಕೊಂಡರು. "ಕೆಲೆನಿ, ಆರುನೂರು ಡಾಲರ್!"

ಚರ್ಚು ಒಮ್ಮೆಲೇ ಸಿಡಿಯಿತು. ಹೆಂಗಸರು ಎದ್ದು ನಿಂತು ಹಾಡಿದರು. ಯಾರೋ ಕೆಲೆನಿಯ ಕೊರಳಿಗೆ ಹೂವಿನ ಮಾಲೆ ಹಾಕಿದರು. ಕೆಲೆನಿ ಮಳೆಯಲ್ಲಿ ನೆನೆದವಳಂತೆ ಮುಖವೆತ್ತಿ ನಿಂತಿದ್ದಳು. ಅವಳ ಸೊಂಟದ ಬಳಿ ಖಾಲಿ ಬಟ್ಟೆ ಜೋಲುತ್ತಿತ್ತು.

ಉಲಾಮಿಲಾ ಜನರನ್ನು ಸರಿಸುತ್ತ ಹೋಗಿ ಅವಳ ರಟ್ಟೆ ಹಿಡಿದಳು. "ಏನೇ ಮಾಡಿದೆ?"

"ಅತ್ತಿಗೆ... ಎಲ್ಲರೂ ನೋಡ್ತಿದ್ರು. ಎರಡು ಡಾಲರ್ ತೆಗೆಯೋಣ ಅಂತ ಗಂಟು ಬಿಚ್ಚಿದೆ. ಕೈ ಅಷ್ಟನ್ನೂ ಹಿಡ್ಕೊಂಡು ಹೋಯ್ತು."

"ಕೈ ಹೋಯ್ತಾ? ಕೈಗೆ ಕಾಲಿತ್ತಾ?"

"ಬೈಬೇಡ ಅತ್ತಿಗೆ. ಇಲ್ಲಿ ಬೈಬೇಡ. ನಿನ್ನ ಕಾಲಿಗೆ ಬೀಳ್ತೀನಿ, ಇವತ್ತೊಂದಿನ ಬೈಬೇಡ."

ಬೈಯಲು ಉಲಾಮಿಲಾಳ ಬಾಯಿಗೆ ಸಾವಿರ ಮಾತು ಬಂತು. ಹಿಡಿದ ರಟ್ಟೆ ಬಿಟ್ಟಳು. ಎರಡು ವರ್ಷದ ರೊಟ್ಟಿ ಆ ಮೇಜಿನ ಮೇಲಿತ್ತು. ನಾಳೆ ಸಂಜೆ ಡ್ರಾಯರು ಮುಚ್ಚುತ್ತದೆ. ಅವಳಿಗೆ ಕೆಲೆನಿಯ ಮೇಲೆ, ಗಂಡನ ಮೇಲೆ, ಸತ್ತ ಮಾವನ ಮೇಲೆ, ಕಡಿದ ಎತ್ತಿನ ಮೇಲೆ ಕೂಡ ರೇಗಿತು. ಆ ಸಿಟ್ಟೇ ಅವಳನ್ನು ಮುಂದೆ ನಡೆಸಿತು.

ಸೊಸೆಯಾದವಳು ಮಾವನ ಸಾಲಿನವರೆದುರು ಮಾತಾಡಬಾರದು. ಮದುವೆಯಾದ ಹದಿನೆಂಟು ವರ್ಷದಲ್ಲಿ ಅವಳು ನೆಮಾನಿಗೆ ನೇರವಾಗಿ ಒಂದು ಮಾತು ಆಡಿದವಳಲ್ಲ. ಬೆನ್ನು ಬಾಗಿಸಿ ಮುಂದೆ ಹೋದಳು, ಚಾಪೆಯ ಮೇಲೆ ಕೂತಳು, ಅಂಗೈ ಗುಳಿ ಮಾಡಿ ಹಿರಿಯರಿಗೆ ತಟ್ಟುವಂತೆ ನಿಧಾನಕ್ಕೆ ತಟ್ಟಿದಳು. ಹಾಡು ನಿಂತಿತು.

"ಮಾವ, ಕೆರೆಕೆರೆ," ಎಂದಳು. "ಆ ಆರುನೂರು ನನಗೆ ಬೇಕು."

ನೆಮಾನಿ ಅವಳನ್ನಲ್ಲ, ಅವಳ ತಲೆಯ ಮೇಲಿನ ಗಾಳಿಯನ್ನು ನೋಡಿದರು. "ಅಪಿಸಾಯಿ, ನಿನ್ನ ಹೆಂಡತಿಗೆ ಹೇಳು. ಮೇಜಿನ ಮೇಲೆ ಬಿದ್ದದ್ದು ದೇವರ ದುಡ್ಡು."

ಅಪಿಸಾಯಿ ತನ್ನ ಚಪ್ಪಲಿ ನೋಡುತ್ತಿದ್ದ.

"ದೇವರ ದುಡ್ಡಾದ್ರೆ ದೇವರ ಹತ್ರಾನೇ ಕೇಳ್ತಿದೀನಿ ಅನ್ಕೊಳ್ಳಿ," ಎಂದಳು ಉಲಾಮಿಲಾ. "ನಿಮ್ಮ ತಮ್ಮನಿಗೆ ಎತ್ತು ಕಡೀರಿ ಅಂದವರು ನೀವು. ತಿಂದವರು ಇಲ್ಲಿ ಕೂತಿರೋರೆಲ್ಲ. ಸಾಲದ ಕಾಗದಕ್ಕೆ ಮಾತ್ರ ದೇವರೂ ಸಹಿ ಹಾಕಲಿಲ್ಲ, ನೀವೂ ಹಾಕಲಿಲ್ಲ. ನಾನು ಹಾಕಿದೆ. ನಾಳೆ ಕಟ್ಟದಿದ್ರೆ ಇನ್ನೊಂದು ವರ್ಷ ನನ್ನ ಸಂಬಳ ಅವರ ಕೈಲಿ. ಕೆರೆಕೆರೆ ಅಂದವರಿಗೆ ಇಲ್ಲ ಅನ್ನಬಾರದು ಅಂತ ನಂಗೆ ಕಲಿಸಿದವರು ನೀವೇ. ಇಲ್ಲ ಅನ್ನಿ. ಎಲ್ಲರೂ ಕೇಳಲಿ."

ನೆಮಾನಿ ಪಾದ್ರಿಯ ಕಡೆ ನೋಡಿದರು. ಪಾದ್ರಿ ಫ್ಯಾನಿನ ಕಡೆ ನೋಡಿದರು. ಫ್ಯಾನು ತಿರುಗುತ್ತಿತ್ತು. ಇಲ್ಲ ಎನ್ನುವ ಮಾತನ್ನು ಯಾರಾದರೂ ಆಡಲಿ ಎಂದು ಎಲ್ಲರೂ ಕಾದರು. ಆಡಿದವನ ಹೆಸರು ತಲೆತಲಾಂತರಕ್ಕೆ ಉಳಿಯುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಕೊನೆಗೆ ನೆಮಾನಿ ನೋಟುಗಳನ್ನು ಬೇರೆ ಮಾಡಿ, ಸತ್ತ ಇಲಿಯನ್ನು ದೂಡುವಂತೆ ಬೆರಳ ತುದಿಯಿಂದ ಮೇಜಿನ ಅಂಚಿಗೆ ದೂಡಿದರು.

ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ. ಎದ್ದು ನಿಂತು, ಕೊನೆಯ ಸಾಲಿಗೂ ಕೇಳುವಂತೆ ಮತ್ತೆ ಓದಿದರು:

"ಕೆಲೆನಿ. ಏನೂ ಇಲ್ಲ."

ಕೆಲೆನಿ ಕೊರಳ ಮಾಲೆಯನ್ನು ತಾನೇ ತೆಗೆದು ಬೆಂಚಿನ ಮೇಲಿಟ್ಟು, ಯಾರನ್ನೂ ನೋಡದೆ ಹೊರಗೆ ನಡೆದಳು.

ಸೋಮವಾರ ಉಲಾಮಿಲಾ ಅರ್ಧ ದಿನದ ಕೂಲಿ ಬಿಟ್ಟು ಬಡ್ಡಿ ಅಂಗಡಿಗೆ ಹೊರಟಾಗ ಕೆಲೆನಿ ಕೇರಿಯ ತುದಿಯಲ್ಲಿ ನಿಂತಿದ್ದಳು. ಕರೆಯದೇ ಹಿಂದೆ ಬಂದಳು. ಅಂಗಡಿಯ ಹುಡುಗ ನೋಟು ಎಣಿಸಿ, ಡ್ರಾಯರಿನಿಂದ ರಬ್ಬರು ಸುತ್ತಿದ ಕಾರ್ಡುಗಳ ಕಟ್ಟು ತೆಗೆದು, ಇಸ್ಪೀಟಿನಂತೆ ಹುಡುಕಿ ಅವಳದನ್ನು ಕೊಟ್ಟ. ಕಟ್ಟು ದಪ್ಪಗಿತ್ತು. ಅದರಲ್ಲಿ ತನ್ನ ಸಾಲಿನ ಹೊಲಿಗೆಯವರ ಹೆಸರು ಎರಡು ಕಂಡವು.

"ನೀವು ಒಳ್ಳೇ ಗಿರಾಕಿ ಮೇಡಂ," ಎಂದ ಹುಡುಗ. "ನಿಮಗೀಗ ಇದರ ಎರಡರಷ್ಟು ಸಿಗುತ್ತೆ. ಇವತ್ತೇ ಬೇಕಾದ್ರೂ."

"ನಿಮ್ಮಮ್ಮನಿಗೆ ಕೊಡಿಸು," ಎಂದಳು ಉಲಾಮಿಲಾ. "ಅವರ ಕಾರ್ಡು ಇಸ್ಕೊಂಡು ಡ್ರಾಯರಲ್ಲಿಡು."

ಹೊರಗೆ ಬಿಸಿಲು ಸುಡುತ್ತಿತ್ತು. ಕಾರ್ಡು ಕುಪ್ಪಸದೊಳಗೆ ಮೈಗಂಟಿತ್ತು. ಕುಣಿಯಬೇಕೆನಿಸಬೇಕಿತ್ತು, ಆದರೆ ಪಕ್ಕದಲ್ಲಿ ಕೆಲೆನಿ ಕಾಲೆಳೆಯುತ್ತ ನಡೆಯುತ್ತಿದ್ದಳು. ಪೈ ಮಾರುವ ಅಂಗಡಿ ದಾಟಿತು, ಕೇಳಲಿಲ್ಲ. ಐಸ್ ಕ್ಯಾಂಡಿಯ ಗಾಡಿ ದಾಟಿತು, ತಿರುಗಿ ಕೂಡ ನೋಡಲಿಲ್ಲ. ಮಾರ್ಕೆಟ್ಟಿನಲ್ಲಿ ಅನಾನಸು ಹೆಚ್ಚಿ ಇಟ್ಟಿದ್ದರು; ಕೆಲೆನಿ ನೆಲ ನೋಡಿಕೊಂಡು ಮುಂದೆ ಹೋದಳು.

ಸಮುದ್ರದ ಗೋಡೆಯ ಹತ್ತಿರ ಬರುವ ಹೊತ್ತಿಗೆ ಉಲಾಮಿಲಾಳಿಗೆ ತಡೆಯಲಾಗಲಿಲ್ಲ.

"ಏನಾದ್ರೂ ಕೇಳೇ!"

"ಏನೂ ಬೇಡ."

"ಬೇಡ ಅಂದ್ರೆ? ಹುಟ್ಟಿದಾಗಿಂದ ಬೇಕು ಬೇಕು ಅಂದವಳು ಇವತ್ತು ಸನ್ಯಾಸಿನಿ ಆದ್ಯಾ? ದುಡ್ಡು ಕಳೆದವಳು ನೀನು, ಚರ್ಚಲ್ಲಿ ಕೈಚಾಚಿ ಮಾನ ಕಳ್ಕೊಂಡವಳು ನಾನು. ಮೇಲೆ ಈ ಮುಖ ಬೇರೆ."

"ಮಾನ ಕಳ್ಕೊಂಡಿದ್ದು ನಾನು ಅತ್ತಿಗೆ."

ಉಲಾಮಿಲಾಳ ನೋಟ ಕೆಳಗಿಳಿಯಿತು. ಕೆಲೆನಿಯ ಚಪ್ಪಲಿಯ ಬಾರು ಕಿತ್ತು, ತಂತಿಯಲ್ಲಿ ಬಿಗಿದಿದ್ದು ಅವಳಿಗೆ ಆಗ ಕಂಡಿತು. ಆ ಕಾಲು ಆ ಚಪ್ಪಲಿಯಲ್ಲಿ ಎಳೆದೆಳೆದು ಬರುತ್ತಿತ್ತು.

"ಅತ್ತಿಗೆ," ಎಂದಳು ಕೆಲೆನಿ ಕೊನೆಗೆ, ಬೇರೆ ಕಡೆ ನೋಡುತ್ತ. "ಕೆರೆಕೆರೆ. ಬಸ್ಸಲ್ಲಿ ಹೋಗೋಣ."

"ಬಸ್ಸಾ! ಎರಡು ವರ್ಷ ಕಾಲು ಸವೆಸಿದ್ದೀನಿ ನಾನು, ಗೊತ್ತಾ? ಇಷ್ಟು ದೂರಕ್ಕೆ ಬಸ್ಸಂತೆ! ನಿಂಗೇನು ಕಾಲಿಲ್ವಾ? ಕೈಗೆ ಬಂದ ಕಾಲು ಈಗೆಲ್ಲಿ ಹೋಯ್ತು? ಇವಳಿಗೆ ಬಸ್ಸು ಬೇಕಂತೆ, ರಾಣಿಗೆ..."

ಬೈಯುತ್ತ ಬೈಯುತ್ತಲೇ ಅವಳು ಕೆಲೆನಿಯ ರಟ್ಟೆ ಹಿಡಿದು ರಸ್ತೆ ದಾಟಿಸಿ, ಬಸ್ ನಿಲ್ದಾಣದ ಕಡೆ ತಿರುಗಿದಳು.