ಕೇಳಿದ್ದಕ್ಕಷ್ಟೇ ಉತ್ತರ

ಮಾಲತೇಶ ಸಾಹೇಬರು ಭಾನುವಾರ ಕಾರ್ಖಾನೆಗೆ ರೇಶ್ಮೆ ಅಂಗಿ ತೊಟ್ಟು ಬಂದದ್ದನ್ನು ಕಂಡು, ದೇವರಿದ್ದಾನೆ, ರಜೆಯ ದಿನವೂ ಕೆಲಸಕ್ಕೆ ಬರುತ್ತಾನೆ ಎಂದು ಫಿಟ್ಟರ್ ಬೀರಲಿಂಗಪ್ಪನಿಗೆ ಖಾತ್ರಿಯಾಯಿತು.

ಅಂಗಿಯ ಮೇಲೆ ನೀಲಿ ಕೋಟು ಹಾಕಿದ್ದರೂ ಕಾಲರಿನ ಜರಿ ಇಣುಕುತ್ತಿತ್ತು. ವಿದ್ಯಾನಗರದಲ್ಲಿ ಸಾಹೇಬರ ಅಕ್ಕ ಸುಕನ್ಯಾಳ ಮಗಳ ಮದುವೆ. ಮಧ್ಯಾಹ್ನ ಅಕ್ಷತೆ ಬೀಳುವಾಗ ಸೋದರಮಾವ ಮದುಮಗಳ ಬೆನ್ನಿಗೆ ನಿಲ್ಲಬೇಕು, ಆ ಹುಡುಗಿಗೆ ಇರುವ ಮಾವ ಇವರೊಬ್ಬರೇ. ಆದರೆ ಎಣ್ಣೆ ಕಾರ್ಖಾನೆಯ ತಂಪು ನೀರಿನ ಕೊಳವೆಯ ದೊಡ್ಡ ವಾಲ್ವಿಗೆ ಈ ಸಂಬಂಧಗಳು ತಿಳಿಯವು. ಅದು ಶನಿವಾರವೇ ಸೋರತೊಡಗಿತ್ತು.

ಹೋದ ವರ್ಷವೂ ಅದು ಹೀಗೇ ಸೋರಿತ್ತು, ಬೀರಲಿಂಗಪ್ಪನ ತಂಗಿ ಹನುಮವ್ವನ ಮಗಳ ಲಗ್ನದ ದಿನ.

"ಸಾಹೇಬ್ರ, ನಾ ಸ್ವಾದರಮಾವ ಅದೇನ್ರಿ," ಎಂದು ಬೀರಲಿಂಗಪ್ಪ ಅಂದು ಅಂಗಲಾಚಿದ್ದ.

"ನಾ ಕೇಳಿದ್ದು ಬೋಲ್ಟಿನ ಸುದ್ದಿ," ಎಂದಿದ್ದರು ಮಾಲತೇಶ, ಪಾಳಿಯವರೆಲ್ಲರ ಎದುರಿಗೆ. "ಕೇಳಿದ್ದಕ್ಕಷ್ಟ ಉತ್ತರ ಕೊಡ್ರಿ. ನೀರು ಬಿಟ್ಟು, ಸೋರಂಗಿಲ್ಲ ಅಂತ ಕಣ್ಣಾರೆ ನೋಡಿದ ಮ್ಯಾಲೇನ ಕೆಲಸಕ್ಕ ಕುಂತಾವ ಏಳಬೇಕು."

ಅವನು ಕಲ್ಯಾಣಮಂಟಪ ಮುಟ್ಟಿದಾಗ ಊಟದ ಎಲೆಯನ್ನೂ ಎತ್ತಿಯಾಗಿತ್ತು. ಮದುಮಗಳ ಹಿಂದೆ ನೆರೆಮನೆಯವನೊಬ್ಬ ಮಾವನಾಗಿ ನಿಂತಿದ್ದನಂತೆ. "ನನಗ ಅಣ್ಣ ಅಂತ ಒಬ್ಬಾವ ಇದ್ದಾ, ಪೈಪಿನ್ಯಾಗ ಹರದ ಹ್ವಾದ," ಎಂದು ಹನುಮವ್ವ ಬೀಗರೆದುರೇ ಸಾರಿದಳು. ಆಮೇಲೆ ಪಂಚಮಿಗೆ ತವರಿಗೆ ಬರಲಿಲ್ಲ. ಫೋನು ಎತ್ತುವುದನ್ನೂ ಬಿಟ್ಟಳು.

ಇವತ್ತು ಬೀರಲಿಂಗಪ್ಪನಿಗೆ ಬೇಕಾಗಿದ್ದು ಒಂದೇ. ಆ ರೇಶ್ಮೆ ಅಂಗಿ ವಿದ್ಯಾನಗರ ಮುಟ್ಟಬಾರದು.

"ಲಗೂ ಮಾಡ್ರಿ, ಬೀರಲಿಂಗಪ್ಪ."

"ಮಾಡಾಕತ್ತೇನ್ರಿ, ಸಾಹೇಬ್ರ."

ಇಂಗ್ಲಿಷಿನವರು ಈ ವಾಲ್ವಿಗೆ ಚಿಟ್ಟೆಯ ಹೆಸರಿಟ್ಟಿದ್ದಾರೆ. ಹೊರಲು ಇಬ್ಬರು ಬೇಕು. ಕೊಳವೆಯಿಂದ ಬಿಚ್ಚಿ ಹಲಗೆಯ ಮೇಲೆ ಮಲಗಿಸಿ, ಬೀರಲಿಂಗಪ್ಪ ಪಿನ್ನುಗಳನ್ನು ಬಡಿದು ತೆಗೆದ, ನಡುವಿನ ದಂಡ ಎಳೆದ, ಒಳಗೆ ತಿರುಗುವ ಉಕ್ಕಿನ ತಟ್ಟೆಯನ್ನು ಹೊರಗಿಟ್ಟ, ಸುತ್ತಲಿನ ಸವೆದ ರಬ್ಬರನ್ನು ಕಿತ್ತ. ಹೊಸ ರಬ್ಬರು ಕೂರಿಸುವಾಗ ಅದಕ್ಕೊಂದು ಗೀರು ಹಾಕಿಬಿಡಲೇ ಎಂಬ ಆಸೆ ಬಂತು. ಕೈ ಒಪ್ಪಲಿಲ್ಲ. ಆಯುಷ್ಯವೆಲ್ಲ ಬೋಲ್ಟು ಬಿಗಿಯುವ ಪಾನಾ ಹಿಡಿದ ಕೈಗೆ ಸೇಡಿನ ತರಬೇತಿಯಾಗಿರಲಿಲ್ಲ. ಆದ್ದರಿಂದ ಅವನು ನಿಧಾನವಾಗಿ ಕೆಲಸ ಮಾಡಿದ, ಮದುಮಗನ ಮುಖ ಒರೆಸುವವನ ಹಾಗೆ ತಟ್ಟೆ ಒರೆಸಿದ.

ಸಾಹೇಬರ ಫೋನು ಒದರಿತು. ಮತ್ತೊಮ್ಮೆ ಒದರಿತು. ವಾಲ್ವು ಜೋಡಿಸಿ ಕೊಳವೆಯ ನಡುವೆ ಕೂರಿಸುವಷ್ಟರಲ್ಲಿ ಅವರ ತಾಳ್ಮೆ ತೀರಿತು.

"ಸರೀರಿ ಆಕಡೆ. ಕೊಡ್ರಿ ಪಾನಾ ಇಲ್ಲೆ!"

ಮಾಲತೇಶರೂ ಒಂದು ಕಾಲಕ್ಕೆ ಫಿಟ್ಟರೇ. ಬೋಲ್ಟು ಬಿಗಿಯುವಾಗ ತಟ್ಟೆ ಕೊಂಚ ತೆರೆದಿರಬೇಕು, ಮುಚ್ಚಿದ್ದರೆ ರಬ್ಬರು ಅದರ ಅಂಚಿಗೆ ಅವುಚಿಕೊಂಡು, ತಿರುಗಿಸಿದಾಗ ಹರಿದುಹೋಗುತ್ತದೆ ಎಂಬುದು ಅವರಿಗೂ ಗೊತ್ತು. ಅದಕ್ಕೇ ಪಾನಾ ಹಿಡಿದವನು "ತಟ್ಟಿ ತೆರದೈತಿ?" ಎಂದು ಕೇಳಬೇಕು, ಜೊತೆಗಾರ ಬಗ್ಗಿ ನೋಡಿ "ತೆರದೈತಿ" ಎನ್ನಬೇಕು. ಇದು ಅಲ್ಲಿನ ರೂಢಿ.

ಹೊತ್ತು ತರುವಾಗ ಪೆಟ್ಟಾಗದಿರಲೆಂದು ತಟ್ಟೆಯನ್ನು ಮುಚ್ಚಿದ್ದರು. ಅದು ಮುಚ್ಚಿಯೇ ಇತ್ತು. ಬೀರಲಿಂಗಪ್ಪ ನೋಡಿದ, ಪ್ರಶ್ನೆಗೆ ಕಾದ.

ಸಾಹೇಬರು ಬಿಗಿಯತೊಡಗಿದರು.

ಬೀರಲಿಂಗಪ್ಪ ಕೈ ಕಟ್ಟಿ ನಿಂತ. ನಾಲಗೆ ಒಮ್ಮೆ ಏಳಲು ನೋಡಿತು. ಹನುಮವ್ವ ಬಾರದ ಪಂಚಮಿ ನೆನಪಾಗಿ ಮಲಗಿಕೊಂಡಿತು. ಕೊನೆಯ ಬೋಲ್ಟು ಬಿಗಿದು ಸಾಹೇಬರು ಹಿಡಿಕೆ ತಿರುಗಿಸಿದರು, ಅದು ಜಗ್ಗಲಿಲ್ಲ. ಉದ್ದನೆಯ ಪೈಪು ಸಿಕ್ಕಿಸಿ ಜಗ್ಗಿದಾಗ ಒಳಗೆ ಏನೋ ಹರಿದ ಸದ್ದಾಯಿತು. ತಟ್ಟೆ ಮುಚ್ಚಿ ನೀರು ಬಿಟ್ಟರು. ವಾಲ್ವಿನ ಆಚೆ ಒಣಗಿರಬೇಕಿದ್ದ ಸಣ್ಣ ನಲ್ಲಿಯಿಂದ ನೀರು ಧಾರೆಯಾಗಿ ಬಂತು.

ಮಾಲತೇಶ ನಲ್ಲಿಯನ್ನು ನೋಡಿದರು, ಆಮೇಲೆ ಅವನನ್ನು.

"ತಟ್ಟಿ ಮುಚ್ಚಿತ್ತು. ನೀವು ನೋಡೀರಿ."

"ನೋಡೇನ್ರಿ."

"ಮತ್ತ ಹೇಳಬಾರದೇನ್ರಿ?"

"ನೀವು ಕೇಳಲಿಲ್ರಿ, ಸಾಹೇಬ್ರ."

ಫೋನು ಮತ್ತೆ ಒದರಿತು. ಗ್ರೀಸಿನ ಬೆರಳು ಎಲ್ಲಿ ತಗುಲಿತೋ, ಸುಕನ್ಯಾಳ ದನಿ ಕಾರ್ಖಾನೆಗೆಲ್ಲ ಕೇಳಿತು. ಹಿಂದೆ ಬ್ಯಾಂಡು.

"ತಮ್ಮಾ, ಅಕ್ಕಿಕಾಳು ಬಿದ್ದೂವು! ಆ ಪೈಪನ್ನ ಮಗಳಂತ ತಿಳಕೊಂಡು ಅದಕ್ಕ ಅರಿಷಿಣಾ ಹಚ್ಚಿಕೊಂತ ಕುಂದರು. ನಮ್ಮ ಹೊಸ್ತಿಲಾ ಇನ್ನ ತುಳೀಬ್ಯಾಡ!"

ಬೀರಲಿಂಗಪ್ಪ ಗಂಭೀರವಾಗಿ ಅಂಗಳಕ್ಕೆ ಹೋಗಿ ತಂಗಿಗೆ ಫೋನು ಹಚ್ಚಿದ. ಎತ್ತಲಿಲ್ಲ. ಮತ್ತೆ ಹಚ್ಚಿದ.

"ಯಾರಾದರೂ ಸತ್ತಾರೇನು?" ಎಂದಳು ಹನುಮವ್ವ.

"ಇಲ್ಲವಾ. ನಮ್ಮ ಸಾಹೇಬ್ರು ತಮ್ಮ ಅಕ್ಕನ ಮಗಳ ಅಕ್ಕಿಕಾಳಿಗೆ ಹೋಗಲಿಲ್ಲ. ಅದ ವಾಲ್ವು."

ಆ ಕಡೆ ಬಾಗಿಲು ಹಾಕಿಕೊಂಡದ್ದು ಕೇಳಿಸಿತು, ಕುರ್ಚಿ ಎಳೆದದ್ದೂ.

"ಖರೇನ? ಅವರಕ್ಕ ಏನಂದ್ಲು?"

ಅವನು ಹೇಳಿದ. ಅರಿಷಿಣ, ಪೈಪು, ಹೊಸ್ತಿಲು, ಒಂದನ್ನೂ ಬಿಡಲಿಲ್ಲ.

"ಇನ್ನೊಮ್ಮೆ ಹೇಳಣ್ಣಾ," ಎಂದಳು ಹನುಮವ್ವ. "ಮೊದಲಿಂದ ಹೇಳು. ಅಂಗಿ ಯಾವ ಬಣ್ಣದ್ದು?"

ಬೀರಲಿಂಗಪ್ಪ ಬಕೀಟು ಬೋರಲು ಹಾಕಿ ಅದರ ಮೇಲೆ ಕೂತ. ಒಳಗೆ ಮಾಲತೇಶ ಸಾಹೇಬರು ರೇಶ್ಮೆಯ ತೋಳು ಮಡಚಿ ಮೊದಲ ಬೋಲ್ಟಿಗೆ ಪಾನಾ ಹಚ್ಚಿದ್ದರು.

"ಬೀರಲಿಂಗಪ್ಪಾ! ತಟ್ಟಿ ತೆರದೈತೇನ್ರಿ?"

ಅವನು ಫೋನಿಗೆ ಅಂಗೈ ಅಡ್ಡ ಹಿಡಿದ.

"ಈಗ ಬಿಚ್ಚಾಕತ್ತೀರಿ, ಸಾಹೇಬ್ರ. ಅದನ್ನ ಬಿಗಿಯೂ ಮುಂದ ಕೇಳ್ರಿ."